ಹೈಸ್ಕೂಲು ಸಿದ್ಧಪಡಿಸುವುದು ಪರೀಕ್ಷೆಗೋ, ಅದರ ಮುಂದಿನ ವರ್ಷಕ್ಕೋ?

ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಪಡೆದ ಹುಡುಗ ಪ್ರಥಮ ಪಿಯುಸಿಯ ಮೊದಲ ಕಿರುಪರೀಕ್ಷೆಯಲ್ಲೇ ಭೌತವಿಜ್ಞಾನದಲ್ಲಿ ನಪಾಸಾಗುತ್ತಾನೆ. ಪಿಯುಸಿಯಲ್ಲಿ ಶೇ 90 ದಾಟಿದ ಹುಡುಗಿ ಎಂಜಿನಿಯರಿಂಗ್‌ನ ಮೊದಲ ಸೆಮಿಸ್ಟರಿನ ಗಣಿತವನ್ನು ಬ್ಯಾಕ್ ಉಳಿಸಿಕೊಳ್ಳುತ್ತಾಳೆ. ಬಿ.ಕಾಂ. ಮುಗಿಸಿ ಕೆಲಸಕ್ಕೆ ಬಂದವರು ಗ್ರಾಹಕರಿಗೆ ಒಂದು ಪುಟದ ಉತ್ತರ ಬರೆಯಲು ಅರ್ಧ ದಿನ ತಡವರಿಸುತ್ತಾರೆ. ಬೆಂಗಳೂರಿನ ಯಾವ ಬಡಾವಣೆಯ ತಂದೆತಾಯಿಗಳಿಗೂ ಇವು ಹೊಸ ಸುದ್ದಿಗಳಲ್ಲ. ಇಂಥ ಸಂದರ್ಭಗಳಲ್ಲಿ ದೂರು ಮೊದಲು ಮಗುವಿನ ಸೋಮಾರಿತನದ ಮೇಲೆ, ಅನಂತರ ಮೊಬೈಲಿನ ಮೇಲೆ, ಕೊನೆಗೆ ಕಾಲೇಜಿನ ಮೇಲೆ ಹೋಗುತ್ತದೆ. ಅದಕ್ಕೂ ಹಿಂದಿನ ಮೂರು ವರ್ಷಗಳಲ್ಲಿ ಏನು ನಡೆಯಿತು ಎಂದು ವಿಚಾರಿಸುವವರು ಕಡಿಮೆ.

ವಿಚಾರಿಸಿದರೂ ಪ್ರಶ್ನೆಯನ್ನು ಸರಿಯಾಗಿ ಇಟ್ಟುಕೊಳ್ಳಬೇಕಾಗುತ್ತದೆ. ಹೈಸ್ಕೂಲು ತನಗೆ ವಹಿಸಿದ ಕೆಲಸವನ್ನು ಮಾಡಲಿಲ್ಲವೇ, ಅಥವಾ ಅದಕ್ಕೆ ವಹಿಸಿದ ಕೆಲಸವೇ ಬೇರೆಯಾಗಿತ್ತೇ? ನನ್ನ ತಿಳಿವಳಿಕೆಯಲ್ಲಿ ಎರಡನೆಯದೇ ನಿಜ. ನಮ್ಮ ಪ್ರೌಢಶಾಲೆಗಳು ಮಕ್ಕಳನ್ನು ಪರೀಕ್ಷೆ ದಾಟಿಸುವ ಕೆಲಸವನ್ನು ಶ್ರಮಪಟ್ಟೇ ಮಾಡುತ್ತಿವೆ. ಆದರೆ ಹಾಗೆ ದಾಟಿಸಲು ಅವು ಹಿಡಿದಿರುವ ದಾರಿಯೇ, ಮುಂದಿನ ವರ್ಷ ಆ ಮಗು ತಾನಾಗಿ ಮಾಡಬೇಕಾಗಿ ಬರುವ ಕೆಲಸಗಳನ್ನು ಅದರ ಕೈಯಿಂದ ತೆಗೆದುಕೊಂಡುಬಿಡುತ್ತದೆ. ಇದು ಹೇಗೆ ನಡೆಯುತ್ತದೆ ಎಂಬುದನ್ನು ತಿಳಿಯಲು ಅಂಕಗಳ ಲೆಕ್ಕದಿಂದ ಆರಂಭಿಸುವುದು ಅನುಕೂಲ.

625ರ ಲೆಕ್ಕ

ಎಸ್ಸೆಸ್ಸೆಲ್ಸಿಯ ಒಟ್ಟು ಅಂಕ 625. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಇದರಲ್ಲಿ ಐದನೇ ಒಂದು ಭಾಗ, ಅಂದರೆ 125 ಅಂಕ, ಶಾಲೆಯೇ ನೀಡುವ ಆಂತರಿಕ ಮೌಲ್ಯಮಾಪನದ್ದು. ಉಳಿದ 500 ಲಿಖಿತ ಪರೀಕ್ಷೆಯದ್ದು. ಬಹುಕಾಲ ಉತ್ತೀರ್ಣತೆಗೆ ಶೇ 35 ಬೇಕಿತ್ತು. 2025-26ನೇ ಸಾಲಿನಿಂದ ಅದನ್ನು ಶೇ 33ಕ್ಕೆ ಇಳಿಸಲಾಗಿದ್ದು, ಪ್ರತಿ ವಿಷಯದಲ್ಲೂ ಕನಿಷ್ಠ ಶೇ 30 ಪಡೆದು ಒಟ್ಟು 206 ಅಂಕ ಗಳಿಸಿದವರು ಪಾಸು. ಆಂತರಿಕ ಅಂಕಗಳನ್ನು ಶಾಲೆಗಳು ಸಾಮಾನ್ಯವಾಗಿ ಧಾರಾಳವಾಗಿಯೇ ಕೊಡುತ್ತವೆ. ಒಬ್ಬ ವಿದ್ಯಾರ್ಥಿಗೆ 125ಕ್ಕೆ 115 ಸಿಕ್ಕಿದೆ ಎಂದುಕೊಂಡರೆ, ಅವನಿಗೆ ಲಿಖಿತ ಪರೀಕ್ಷೆಯ 500ರಲ್ಲಿ 91 ಬಂದರೆ ಸಾಕಾಗುತ್ತದೆ. ಕೇಳಿದ್ದರಲ್ಲಿ ಐದರಲ್ಲಿ ನಾಲ್ಕು ಭಾಗಕ್ಕೆ ಉತ್ತರ ತಿಳಿಯದಿದ್ದರೂ ಅವನ ಅಂಕಪಟ್ಟಿಯಲ್ಲಿ ಉತ್ತೀರ್ಣ ಎಂದೇ ಇರುತ್ತದೆ, ಮತ್ತು ಆ ಅಂಕಪಟ್ಟಿ ಹಿಡಿದು ಅವನು ಪಿಯು ಕಾಲೇಜಿನ ಅರ್ಜಿ ತುಂಬಬಹುದು.

ಇದನ್ನು ಮಕ್ಕಳ ಮೇಲಿನ ಕರುಣೆ ಎಂದು ಸಮರ್ಥಿಸಿಕೊಳ್ಳಬಹುದು, ಮತ್ತು ಆ ಸಮರ್ಥನೆಯಲ್ಲಿ ಹುರುಳಿಲ್ಲದಿಲ್ಲ. ಹದಿನಾರನೇ ವಯಸ್ಸಿಗೆ ನಪಾಸಾದ ಹುಡುಗಿಯನ್ನು ಮನೆಯವರು ಓದು ಬಿಡಿಸುವುದು, ಹುಡುಗನನ್ನು ಗ್ಯಾರೇಜಿಗೋ ಗಾರೆ ಕೆಲಸಕ್ಕೋ ಹಚ್ಚುವುದು ಈ ಊರಿನಲ್ಲೂ ನಡೆಯುತ್ತದೆ. ಒಂದೇ ಯತ್ನದಲ್ಲಿ ಹಣೆಬರಹ ತೀರ್ಮಾನವಾಗದಿರಲೆಂದು 2024ರಲ್ಲಿ ಪರೀಕ್ಷೆ-1, 2, 3 ಎಂಬ ಮೂರು ಅವಕಾಶಗಳನ್ನು ತಂದದ್ದೂ ಈ ಕಾಳಜಿಯಿಂದಲೇ. ಆದರೆ ಪಾಸು ಎಂಬುದು ಮುಂದಿನ ಹಂತಕ್ಕೆ ಬೇಕಾದಷ್ಟು ಬರುತ್ತದೆ ಎಂಬುದಕ್ಕೆ ಸಾಕ್ಷಿ ಎಂದು ಓದುವುದು ಮಾತ್ರ ತಪ್ಪು. ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿಸಿ ವೆಬ್‌ಕಾಸ್ಟಿಂಗ್ ಮೂಲಕ ನಿಗಾ ಇಟ್ಟಾಗ, ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಬಂತು, ಅದೂ ಕೃಪಾಂಕದ ಪ್ರಮಾಣವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಮರುವರ್ಷ ಕೃಪಾಂಕವನ್ನು ಕೈಬಿಟ್ಟಾಗ ಫಲಿತಾಂಶ ಇನ್ನಷ್ಟು ಇಳಿಯಿತು. ಮಕ್ಕಳ ಕಲಿಕೆ ಒಂದೇ ವರ್ಷದಲ್ಲಿ ಹತ್ತು ಶೇಕಡಾ ಕುಸಿದಿರಲಾರದು. ಕುಸಿದದ್ದು ನಮ್ಮ ಅಳತೆಯ ಮೇಲಿನ ನಂಬಿಕೆ.

ಪಾಸಿಂಗ್ ಪ್ಯಾಕೇಜ್

ಪ್ರೌಢಶಾಲಾ ಶಿಕ್ಷಕರ ನಡುವೆ ಬಳಕೆಯಲ್ಲಿರುವ ಒಂದು ಮಾತು ಪಾಸಿಂಗ್ ಪ್ಯಾಕೇಜ್. ಇಡೀ ವಿಷಯದ ಚರ್ಚೆ ಇದರ ಸುತ್ತಲೇ ತಿರುಗುತ್ತದೆ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಡಿಸೆಂಬರ್ ಕಳೆಯುತ್ತಿದ್ದಂತೆ ಹತ್ತನೇ ತರಗತಿಯ ಮಕ್ಕಳನ್ನು ಅವರ ಅಂಕಗಳ ಮೇಲೆ ಗುಂಪು ಮಾಡಲಾಗುತ್ತದೆ. ನಿಧಾನ ಕಲಿಕೆಯವರು ಎಂದು ಗುರುತಿಸಲಾದ ಗುಂಪಿಗೆ ಇಡೀ ಪಠ್ಯಪುಸ್ತಕ ಬೇಡ. ಪ್ರಶ್ನೆಪತ್ರಿಕೆಯ ನೀಲನಕ್ಷೆಯನ್ನೂ ಹಿಂದಿನ ವರ್ಷಗಳ ಪತ್ರಿಕೆಗಳನ್ನೂ ಮುಂದಿಟ್ಟುಕೊಂಡು, ಖಚಿತವಾಗಿ ಬರುವ ಭಾಗಗಳನ್ನಷ್ಟೇ ಆರಿಸಿ ಒಂದು ಸಣ್ಣ ಕಟ್ಟು ಮಾಡಲಾಗುತ್ತದೆ. ಸಮಾಜ ವಿಜ್ಞಾನದಲ್ಲಿ ಭಾರತದ ನಕ್ಷೆ, ವಿಜ್ಞಾನದಲ್ಲಿ ಭಾಗಗಳನ್ನು ಗುರುತಿಸಬೇಕಾದ ಆಯ್ದ ಚಿತ್ರಗಳು, ಗಣಿತದಲ್ಲಿ ಒಂದೆರಡು ಪ್ರಮೇಯ ಮತ್ತು ನಕ್ಷಾ ವಿಧಾನದ ಲೆಕ್ಕ, ಭಾಷೆಯಲ್ಲಿ ಕಂಠಪಾಠದ ಪದ್ಯ ಮತ್ತು ಪತ್ರಲೇಖನದ ಚೌಕಟ್ಟು. ಬೆಳಿಗ್ಗೆ ಶಾಲೆಗೆ ಮುಂಚೆ ವಿಶೇಷ ತರಗತಿ, ಸಂಜೆ ಮತ್ತೊಂದು, ನಡುವೆ ಸರಣಿ ಪರೀಕ್ಷೆಗಳು, ಫೆಬ್ರುವರಿಯ ಹೊತ್ತಿಗೆ ಪೂರ್ವಸಿದ್ಧತಾ ಪರೀಕ್ಷೆ. ಬರೆದದ್ದನ್ನೇ ಮತ್ತೆ ಮತ್ತೆ ಬರೆಸಿ, ತಪ್ಪನ್ನು ತಿದ್ದಿಸಿ, ಮಗುವಿಗೆ ಆ ಉತ್ತರ ಕೈಯಲ್ಲೇ ಕೂತುಬಿಡುವಂತೆ ಮಾಡಲಾಗುತ್ತದೆ. ಶಾಲೆಯ ಫಲಿತಾಂಶ ಕುಸಿದರೆ ಮುಖ್ಯೋಪಾಧ್ಯಾಯರು ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಓ) ಕಚೇರಿಗೆ ಸಮಜಾಯಿಷಿ ಕೊಡಬೇಕಾಗುತ್ತದೆ. ಹೀಗಿರುವಾಗ ಅವರನ್ನು ದೂರುವುದು ಅನ್ಯಾಯ.

ಈಗ ಈ ವ್ಯವಸ್ಥೆಯಲ್ಲಿ ಯಾರು ಯಾವ ಕೆಲಸ ಮಾಡಿದರು ಎಂಬುದನ್ನು ಬಿಡಿಸಿ ನೋಡೋಣ. ಯಾವ ಭಾಗ ಮುಖ್ಯ ಎಂದು ನಿರ್ಧರಿಸಿದವರು ಶಿಕ್ಷಕರು. ಹತ್ತು ಪುಟದ ಪಾಠವನ್ನು ಅರ್ಧ ಪುಟಕ್ಕೆ ಇಳಿಸಿದವರೂ ಅವರೇ. ಯಾವ ದಿನ ಏನು ಓದಬೇಕೆಂಬ ವೇಳಾಪಟ್ಟಿ ಅವರದ್ದು, ಉತ್ತರದ ವಾಕ್ಯರಚನೆ ಅವರದ್ದು, ಮಗುವಿಗೆ ಏನು ಬರುತ್ತದೆ ಏನು ಬರುವುದಿಲ್ಲ ಎಂಬ ತೀರ್ಮಾನವೂ ಅವರದ್ದು. ಮಗುವಿನ ಪಾಲಿಗೆ ಉಳಿದದ್ದು ನೆನಪಿಟ್ಟುಕೊಳ್ಳುವುದು ಮತ್ತು ಬರೆಯುವುದು. ಕಾಲೇಜಿನ ಮೊದಲ ವರ್ಷದಲ್ಲಿ ಯಾವುದನ್ನೂ ಯಾರೂ ಮಾಡಿಕೊಡುವುದಿಲ್ಲವೋ ಆ ಐದೂ ಕೆಲಸಗಳು ಇಲ್ಲಿ ಮಗುವಿನಿಂದ ದೂರ ಉಳಿದವು.

ಇದು ಸರ್ಕಾರಿ ಶಾಲೆಯ ಬಡಮಕ್ಕಳ ಮಾತು ಮಾತ್ರ ಎಂದುಕೊಂಡರೆ ಅರ್ಧ ಸತ್ಯವಷ್ಟೇ ಸಿಕ್ಕೀತು. 620ರ ಮೇಲೆ ಕಣ್ಣಿಟ್ಟ ಖಾಸಗಿ ಶಾಲೆಯಲ್ಲಿ ಇದರ ಜೋಡಿಯಾಗಿ ಸ್ಕೋರಿಂಗ್ ಪ್ಯಾಕೇಜ್ ಇರುತ್ತದೆ. ಅಲ್ಲಿ ಕಟ್ಟು ದೊಡ್ಡದು, ಕಾಗದ ನುಣುಪು, ಟ್ಯೂಷನ್ ಬೇರೆ. ಕೀ ಉತ್ತರದ ಪದ ತಪ್ಪಿದರೆ ಅರ್ಧ ಅಂಕ ಹೋಗುತ್ತದೆಂಬ ಭಯ ಹೆಚ್ಚು. ಕೆಲಸದ ಹಂಚಿಕೆ ಮಾತ್ರ ಅದೇ. ಆದ್ದರಿಂದಲೇ ಮುಂದಿನ ವರ್ಷ ಎಡವುವವರಲ್ಲಿ ಶೇ 40 ಪಡೆದವರೂ ಇರುತ್ತಾರೆ, ಶೇ 95 ಪಡೆದವರೂ ಇರುತ್ತಾರೆ.

ಪ್ರಥಮ ಪಿಯುಸಿಯ ಮೊದಲ ತಿಂಗಳುಗಳು

ಅಮೆರಿಕದಲ್ಲಿ ಹೈಸ್ಕೂಲು ಎಂದರೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ಒಂದೇ ಸಂಸ್ಥೆ. ನಮ್ಮ ರಾಜ್ಯ ಪಠ್ಯಕ್ರಮದಲ್ಲಿ ಅದೇ ವಯಸ್ಸು ಎರಡು ತುಂಡಾಗಿದೆ. ಎಂಟರಿಂದ ಹತ್ತರವರೆಗೆ ಪ್ರೌಢಶಾಲೆ, ಆಮೇಲೆ ಎರಡು ವರ್ಷ ಪದವಿ ಪೂರ್ವ ಕಾಲೇಜು. ಕಟ್ಟಡ ಬೇರೆ, ಬೋಧಕರು ಬೇರೆ, ಅವರ ಮೇಲಿನ ಅಧಿಕಾರಿಗಳು ಬೇರೆ. ಹದಿನಾರರ ಮಕ್ಕಳನ್ನು ಕಾಲೇಜು ವಿದ್ಯಾರ್ಥಿಗಳೆಂದು ಕರೆಯುತ್ತೇವೆ, ಓದಿಸುವುದು ಮಾತ್ರ ಹನ್ನೊಂದನೇ ತರಗತಿಯ ಶಾಲಾ ಪಠ್ಯವನ್ನು. ಸಿಬಿಎಸ್‌ಇ ಶಾಲೆಯಲ್ಲಿ ಹನ್ನೆರಡರವರೆಗೂ ಒಂದೇ ಕಡೆ ಇರುವ ಮಗುವಿಗೆ ಎರಡು ಹಂತಗಳ ನಡುವಿನ ಈ ಕೀಲು ಅಷ್ಟಾಗಿ ಗೊತ್ತಾಗುವುದಿಲ್ಲ. ಶಿಕ್ಷಕರಿಗೆ ಅದರ ಹೆಸರು, ಹಿಂದಿನ ವರ್ಷದ ಕೊರತೆ ಎರಡೂ ನೆನಪಿರುತ್ತವೆ.

ಪಠ್ಯದ ಮಟ್ಟದಲ್ಲಿ ಈಗ ದೊಡ್ಡ ಅಂತರವಿಲ್ಲ. ರಾಜ್ಯದ ಪ್ರೌಢಶಾಲೆಯ ಗಣಿತ, ವಿಜ್ಞಾನ ಪುಸ್ತಕಗಳು ಎನ್‌ಸಿಇಆರ್‌ಟಿ ಆಧಾರಿತವಾಗಿವೆ, ಪಿಯು ವಿಜ್ಞಾನದ ಪುಸ್ತಕಗಳೂ ಹಾಗೆಯೇ. ತೊಡಕು ಇರುವುದು ವೇಗದಲ್ಲಿ ಮತ್ತು ಕ್ರಮದಲ್ಲಿ. ಒಂದು ಉದಾಹರಣೆ ಸಾಕು. ಪ್ರಥಮ ಪಿಯುಸಿಯ ಭೌತವಿಜ್ಞಾನದಲ್ಲಿ ಚಲನೆಯ ಪಾಠ ಮೊದಲ ವಾರಗಳಲ್ಲೇ ಬರುತ್ತದೆ, ಮತ್ತು ಅಲ್ಲಿ ಕ್ಷಣದ ವೇಗವನ್ನು ವಿವರಿಸಲು ಅವಕಲನದ (ಡಿಫರೆನ್ಷಿಯೇಷನ್) ಸಂಕೇತಗಳು ಬಂದುಬಿಡುತ್ತವೆ. ಗಣಿತದ ತರಗತಿಯಲ್ಲಾದರೋ ಮಿತಿ ಮತ್ತು ಅವಕಲನದ ಅಧ್ಯಾಯ ಪುಸ್ತಕದ ಕೊನೆಯ ಭಾಗದಲ್ಲಿದೆ. ತಿಳಿದ ಉಪನ್ಯಾಸಕರು ಭೌತವಿಜ್ಞಾನದ ಅವಧಿಯಲ್ಲೇ ಎರಡು ದಿನ ಗಣಿತ ಹೇಳಿಕೊಡುತ್ತಾರೆ. ಪಾಠ ಮುಗಿಸುವ ಆತುರದಲ್ಲಿರುವವರು ಸೂತ್ರ ಬರೆಸಿ ಮುಂದೆ ಹೋಗುತ್ತಾರೆ. ಎರಡನೆಯವರ ತರಗತಿಯಲ್ಲಿ ಕುಳಿತ ಮಗುವಿಗೆ ತಾನು ದಡ್ಡನೆಂಬ ಭಾವನೆ ಜುಲೈ ಹೊತ್ತಿಗೇ ಬಂದಿರುತ್ತದೆ, ಆದರೆ ತಪ್ಪಿರುವುದು ಪಾಠಗಳ ಕ್ರಮದಲ್ಲಿ.

ಕನ್ನಡ ಮಾಧ್ಯಮದಲ್ಲಿ ಹತ್ತು ವರ್ಷ ಓದಿ ಬಂದವರಿಗೆ ಇದರ ಮೇಲೆ ಇನ್ನೊಂದು ಹೊರೆ. ಪಿಯು ವಿಜ್ಞಾನದ ಬೋಧನೆ ಬೆಂಗಳೂರಿನ ಬಹುತೇಕ ಕಡೆ ಇಂಗ್ಲಿಷಿನಲ್ಲಿ. ಹೊಸ ಪಾರಿಭಾಷಿಕ ಪದಗಳನ್ನು ಕಲಿಯುವುದು ಜನ ತಿಳಿದಷ್ಟು ಕಷ್ಟವಲ್ಲ; ವೇಗೋತ್ಕರ್ಷ ಎಂದು ಕಲಿತವರು ಆಕ್ಸಿಲರೇಷನ್ ಎಂಬುದನ್ನು ಒಂದೆರಡು ತಿಂಗಳಲ್ಲಿ ಒಗ್ಗಿಸಿಕೊಳ್ಳುತ್ತಾರೆ. ನಿಜವಾದ ಕಷ್ಟ ಪಠ್ಯಪುಸ್ತಕದ ಉದ್ದನೆಯ ವಾಕ್ಯಗಳನ್ನು ತಾವಾಗಿ ಓದಿ ಅರ್ಥಮಾಡಿಕೊಳ್ಳುವುದರಲ್ಲಿದೆ. ಅದು ಬಾರದಿದ್ದಾಗ ವಿದ್ಯಾರ್ಥಿ ಪುಸ್ತಕವನ್ನೇ ಬಿಟ್ಟು ನೋಟ್ಸಿಗೆ ಅಂಟಿಕೊಳ್ಳುತ್ತಾನೆ, ಮತ್ತೊಮ್ಮೆ ಯಾರೋ ಇಳಿಸಿಕೊಟ್ಟ ಅರ್ಧ ಪುಟಕ್ಕೆ ಬಂದು ನಿಲ್ಲುತ್ತಾನೆ. ಕನ್ನಡದಲ್ಲೇ ಒಂದು ಅಪರಿಚಿತ ಪಾಠವನ್ನು ಸ್ವಂತವಾಗಿ ಓದಿ ಸಾರಾಂಶ ಬರೆಯುವ ಅಭ್ಯಾಸ ಹೈಸ್ಕೂಲಿನಲ್ಲಿ ಆಗಿದ್ದವರು ಇಂಗ್ಲಿಷಿಗೂ ಬೇಗ ಹೊಂದಿಕೊಳ್ಳುತ್ತಾರೆ. ಆದ್ದರಿಂದ ಮಾಧ್ಯಮದ ಚರ್ಚೆಯಲ್ಲಿ ಕಳೆದುಹೋಗುವ ನಿಜವಾದ ಕೊರತೆ ಓದುವ ಅಭ್ಯಾಸದ್ದು ಎಂದು ನಾನು ಹೇಳುತ್ತೇನೆ. ವೃತ್ತಿಶಿಕ್ಷಣದ ಸೀಟುಗಳಲ್ಲಿ ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5, ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15 ಮೀಸಲಾತಿಯೇನೋ ಇದೆ. ಅದು ಬಾಗಿಲು ತೆರೆಯುತ್ತದೆ. ಒಳಗೆ ಹೋದ ಮೇಲಿನ ಮೊದಲ ಸೆಮಿಸ್ಟರಿಗೆ ನೆರವು ಬೇರೆಯೇ ಬೇಕು.

ಶಾಲೆಗಳಲ್ಲಿ ಜೂನ್ ತಿಂಗಳಲ್ಲಿ ಸೇತುಬಂಧ ಎಂಬ ಕಾರ್ಯಕ್ರಮವಿದೆ. ಹಿಂದಿನ ತರಗತಿಯಲ್ಲಿ ಏನು ಉಳಿದಿದೆ, ಏನು ಬಿಟ್ಟುಹೋಗಿದೆ ಎಂದು ಪರೀಕ್ಷಿಸಿ, ಬಿಟ್ಟುಹೋದದ್ದನ್ನು ಕೆಲವು ದಿನ ಕಲಿಸಿ, ಆಮೇಲೆ ಹೊಸ ಪಾಠ ಆರಂಭಿಸುವುದು ಅದರ ಉದ್ದೇಶ. ಎಂಟರಿಂದ ಒಂಬತ್ತಕ್ಕೆ, ಒಂಬತ್ತರಿಂದ ಹತ್ತಕ್ಕೆ ಸೇತುವೆ ಇದೆ. ಅತಿ ಅಗಲವಾದ ಕಂದಕ ಇರುವ ಹತ್ತರಿಂದ ಹನ್ನೊಂದಕ್ಕೆ ಅದು ಆಯಾ ಕಾಲೇಜಿನ ಆಸಕ್ತಿಗೆ ಬಿಟ್ಟ ವಿಷಯ. ಕೆಲವು ಕಾಲೇಜುಗಳು ಬ್ರಿಡ್ಜ್ ಕೋರ್ಸ್ ಎಂದು ಒಂದೆರಡು ವಾರ ನಡೆಸುತ್ತವೆ. ಅದೂ ಹಲವೆಡೆ ಸಿಇಟಿ ತರಬೇತಿಯ ಮುನ್ನುಡಿಯಾಗಿರುತ್ತದೆ.

ಒಂದೇ ವರ್ಷ, ಎರಡು ಬಗೆಯ ಓದು

ದ್ವಿತೀಯ ಪಿಯುಸಿ ವಿಜ್ಞಾನದ ವಿದ್ಯಾರ್ಥಿ ಒಂದೇ ವರ್ಷ ಎರಡು ಪರಸ್ಪರ ವಿರುದ್ಧ ಪರೀಕ್ಷೆಗಳಿಗೆ ತಯಾರಾಗಬೇಕು. ಮಂಡಳಿಯ ಪರೀಕ್ಷೆ ಹಂತಹಂತವಾಗಿ ಬರೆದ ಉತ್ತರಕ್ಕೆ ಅಂಕ ಕೊಡುತ್ತದೆ. ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 80 ನಿಮಿಷ, 60 ಪ್ರಶ್ನೆ. ಒಂದಕ್ಕೆ 80 ಸೆಕೆಂಡು. ನೀಟ್‌ನಲ್ಲಿ 2025ರಿಂದ 180 ನಿಮಿಷಕ್ಕೆ 180 ಪ್ರಶ್ನೆ. ಎಂಜಿನಿಯರಿಂಗ್ ರ್‍ಯಾಂಕಿಗೆ ಪಿಯು ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತದ ಅಂಕಗಳಿಂದ ಅರ್ಧ, ಸಿಇಟಿಯಿಂದ ಅರ್ಧ. ಪಿಯು ಓದಿಗೂ ಬೆಲೆ ಇರಲೆಂಬ ಉದ್ದೇಶದ ಈ ಸೂತ್ರ ಕಾಗದದ ಮೇಲೆ ಸಮಂಜಸವಾಗಿಯೇ ಇದೆ. ವ್ಯವಹಾರದಲ್ಲಿ ಮಾತ್ರ ಇಂಟಿಗ್ರೇಟೆಡ್ ಕೋಚಿಂಗ್ ಹೆಸರಿನಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಪ್ರಶ್ನೆ ಬಿಡಿಸುವುದೇ ಓದಾಗಿ, ಪ್ರಥಮ ಪಿಯುಸಿಯ ಅಂಕ ಯಾವುದಕ್ಕೂ ಲೆಕ್ಕಕ್ಕಿಲ್ಲವೆಂಬ ಕಾರಣಕ್ಕೆ ಅದರ ಪಾಠಗಳು ಓಟದಲ್ಲಿ ಮುಗಿಯುತ್ತವೆ. ಎಂಜಿನಿಯರಿಂಗ್ ಮೊದಲ ವರ್ಷದ ಗಣಿತಕ್ಕೆ ಬೇಕಾದ ತ್ರಿಕೋನಮಿತಿ, ಮಿತಿ, ಅವಕಲನದ ಬೇರು ಇರುವುದು ಆ ಪ್ರಥಮ ಪಿಯುಸಿಯಲ್ಲೇ.

ಪಠ್ಯ ರೂಪಿಸುವವರು, ಪಾಠ ಮಾಡುವವರು, ಪ್ರಶ್ನೆ ತೆಗೆಯುವವರು ಒಬ್ಬರಿಗೊಬ್ಬರು ಎಷ್ಟು ದೂರ ಎಂಬುದಕ್ಕೆ 2024ರ ಏಪ್ರಿಲ್ ತಿಂಗಳ ಸಿಇಟಿ ಸಾಕ್ಷಿ. ಪಠ್ಯಕ್ರಮದಿಂದ ಕೈಬಿಟ್ಟಿದ್ದ ಭಾಗಗಳಿಂದ ಪ್ರಶ್ನೆಗಳು ಬಂದು, ಕೊನೆಗೆ 240ರಲ್ಲಿ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಹೊರಗಿಡಬೇಕಾಯಿತು. ಪರೀಕ್ಷಾ ಪ್ರಾಧಿಕಾರವೂ ಪಿಯು ಇಲಾಖೆಯೂ ಮಲ್ಲೇಶ್ವರದಲ್ಲೇ ಇವೆ ಎಂಬುದನ್ನು ನೆನೆದರೆ ನಗು ಬರುತ್ತದೆ.

ಪ್ರಯೋಗಾಲಯದ ಕತೆ ಇನ್ನೂ ತೆಳು. ಪ್ರಾಯೋಗಿಕ ಪರೀಕ್ಷೆಗೆ 30 ಅಂಕವಿದೆ, ಆ ಅಂಕ ಬಹುತೇಕ ಎಲ್ಲರಿಗೂ ಸಿಗುತ್ತದೆ, ರೆಕಾರ್ಡ್ ಪುಸ್ತಕ ಒಬ್ಬರಿಂದ ಒಬ್ಬರಿಗೆ ನಕಲಾಗುತ್ತದೆ. ಅಳತೆ ತೆಗೆದಾಗ ಉತ್ತರ ಪುಸ್ತಕದಲ್ಲಿರುವಂತೆ ಬಾರದಿದ್ದರೆ ಏಕೆ ಬರಲಿಲ್ಲ ಎಂದು ಹುಡುಕುವ ಬದಲು ಅಂಕಿಯನ್ನೇ ತಿದ್ದಿಕೊಳ್ಳುವುದನ್ನು ಮಕ್ಕಳು ಇಲ್ಲಿ ಕಲಿಯುತ್ತಾರೆ, ಮತ್ತು ಪದವಿ ಕಾಲೇಜಿನ ಪ್ರಾಧ್ಯಾಪಕರು ಮೊದಲ ವರ್ಷವೆಲ್ಲ ಅದನ್ನು ಮರೆಸಲು ಹೆಣಗುತ್ತಾರೆ.

ವಾಣಿಜ್ಯ ಮತ್ತು ಕಲಾ ವಿಭಾಗಗಳ ಬಗ್ಗೆ ಇಷ್ಟು ಚರ್ಚೆಯೇ ನಡೆಯುವುದಿಲ್ಲ, ಏಕೆಂದರೆ ಅಲ್ಲಿ ರ್‍ಯಾಂಕಿನ ಸದ್ದಿಲ್ಲ. ಪದವಿಯ ಮೊದಲ ಸೆಮಿಸ್ಟರಿನಲ್ಲಿ ಇತಿಹಾಸದ ಅಥವಾ ಅರ್ಥಶಾಸ್ತ್ರದ ವಿದ್ಯಾರ್ಥಿಯಿಂದ ನಿರೀಕ್ಷಿಸುವುದು ಎರಡು ಮೂಲಗಳನ್ನು ಓದಿ, ಅವು ಒಪ್ಪದಿರುವುದೆಲ್ಲಿ ಎಂದು ಗುರುತಿಸಿ, ತನ್ನ ಮಾತಿನಲ್ಲಿ ನಾಲ್ಕು ಪುಟ ಬರೆಯುವುದನ್ನು. ಹನ್ನೆರಡು ವರ್ಷದ ಓದಿನಲ್ಲಿ ಅವನು ತನ್ನ ಮಾತಿನಲ್ಲಿ ಬರೆದದ್ದಕ್ಕೆ ಅಂಕ ಬಂದ ಸಂದರ್ಭಗಳನ್ನು ಹುಡುಕಿದರೆ ಪ್ರಬಂಧದ ಒಂದು ಪ್ರಶ್ನೆ ಸಿಕ್ಕೀತು. ಅದಕ್ಕೂ ಮಾದರಿ ಪ್ರಬಂಧಗಳ ಪುಸ್ತಕವಿದೆ.

ಇವೆಲ್ಲಕ್ಕೂ ಮುಂಚೆ, ಹದಿನೈದು-ಹದಿನಾರರ ವಯಸ್ಸಿನಲ್ಲಿ, ಪಿಯುಸಿಯ ವಿಷಯಗಳ ಗುಂಪನ್ನು, ಅಂದರೆ ಕಾಂಬಿನೇಷನ್ ಆರಿಸುವ ಘಳಿಗೆ ಇದೆ. ಗಣಿತ ಬಿಟ್ಟವರಿಗೆ ಎಂಜಿನಿಯರಿಂಗ್ ಮತ್ತು ವಾಸ್ತುಶಿಲ್ಪ ಮುಚ್ಚುತ್ತದೆ, ಜೀವವಿಜ್ಞಾನ ಬಿಟ್ಟವರಿಗೆ ವೈದ್ಯಕೀಯ ಮತ್ತು ಬಿ.ಎಸ್ಸಿ. ನರ್ಸಿಂಗ್ ಮುಚ್ಚುತ್ತದೆ; ಐದು ವರ್ಷದ ಕಾನೂನು ಪದವಿ ಮತ್ತು ಸಿಎ ಫೌಂಡೇಷನ್ ಮಾತ್ರ ಯಾವ ವಿಭಾಗದವರಿಗೂ ತೆರೆದಿರುತ್ತವೆ. ಇಷ್ಟು ಸರಳ ಮಾಹಿತಿ ಒಂಬತ್ತನೇ ತರಗತಿಯ ಗೋಡೆಯ ಮೇಲೆ ಇರಬೇಕಿತ್ತು. ಈಗ ಅದು ಫಲಿತಾಂಶ ಬಂದ ಮೇಲೆ, ಮೇ ತಿಂಗಳ ಶಿಕ್ಷಣ ಮೇಳಗಳಲ್ಲಿ, ಸೀಟು ತುಂಬಿಸಬೇಕಾದವರ ಬಾಯಿಂದ ಮಕ್ಕಳಿಗೆ ತಲುಪುತ್ತದೆ. 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ಬೆಂಗಳೂರು ನಗರ ಜಿಲ್ಲೆಯಲ್ಲಿ 1,106 ಕಾಲೇಜುಗಳಿದ್ದವು, ದೇಶದ ಯಾವ ಜಿಲ್ಲೆಗಿಂತಲೂ ಹೆಚ್ಚು. ಆಯ್ಕೆ ಹೆಚ್ಚಿದಷ್ಟೂ ಆರಿಸಿಕೊಳ್ಳುವ ವಿವೇಚನೆ ಬೇಕು, ಮತ್ತು ಆ ವಿವೇಚನೆಗೆ ಹೈಸ್ಕೂಲಿನ ವೇಳಾಪಟ್ಟಿಯಲ್ಲಿ ಒಂದು ಅವಧಿಯೂ ಮೀಸಲಿಲ್ಲ.

ಕೆಲಸಕ್ಕೆ ಸಿದ್ಧತೆ ಎಂದರೆ

ಕಾಲೇಜಿನ ಸಿದ್ಧತೆ ಮತ್ತು ಉದ್ಯೋಗದ ಸಿದ್ಧತೆ ಬೇರೆಬೇರೆ ಎಂದು ನಾವು ಭಾವಿಸುತ್ತೇವೆ. ತಳಹದಿಯಲ್ಲಿ ಅವೆರಡೂ ಒಂದೇ: ಬರಹದಲ್ಲಿರುವ ಸೂಚನೆಯನ್ನು ಓದಿ ಅದರಂತೆ ಮಾಡುವುದು, ಲೆಕ್ಕವನ್ನು ಜೀವನದ ಸಂದರ್ಭಕ್ಕೆ ಹೊಂದಿಸುವುದು, ಆಗದಿದ್ದಾಗ ಏಕೆ ಆಗಲಿಲ್ಲ ಎಂದು ವಿವರಿಸುವುದು. ಅಸರ್ ಸಂಸ್ಥೆ 2023ರಲ್ಲಿ ಗ್ರಾಮೀಣ ಭಾರತದ 26 ರಾಜ್ಯಗಳ 28 ಜಿಲ್ಲೆಗಳಲ್ಲಿ 14ರಿಂದ 18 ವರ್ಷದವರನ್ನು ಸಮೀಕ್ಷೆ ಮಾಡಿತು. ಅವರಲ್ಲಿ ಶೇ 86.8ರಷ್ಟು ಮಂದಿ ಶಾಲೆ ಕಾಲೇಜುಗಳಲ್ಲಿದ್ದರು. ಆದರೂ ಸುಮಾರು ಕಾಲುಭಾಗ ತಮ್ಮ ಭಾಷೆಯಲ್ಲೇ ಎರಡನೇ ತರಗತಿಯ ಪಠ್ಯವನ್ನು ಸರಾಗವಾಗಿ ಓದಲಾರದವರು; ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಶೇ 43.3 ಮಾತ್ರ. ಕಳೆಯುವ ಲೆಕ್ಕವಾದರೂ ಬರುವವರನ್ನೇ ಆರಿಸಿ ಕೇಳಿದಾಗ, ಸಾಲದ ಮರುಪಾವತಿ ಎಷ್ಟಾಗುತ್ತದೆ ಎಂದು ಹೇಳಬಲ್ಲವರು ಸುಮಾರು ಶೇ 10. ಇದು ಹಳ್ಳಿಗಳ ಸಮೀಕ್ಷೆ, ಬೆಂಗಳೂರಿನದ್ದಲ್ಲ. ಆದರೆ ಪೀಣ್ಯದ ಕಾರ್ಖಾನೆಗಳಿಗೆ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗಳಿಗೆ, ಮಾಲ್‌ಗಳಿಗೆ, ಡೆಲಿವರಿ ಕೆಲಸಕ್ಕೆ ಬರುವ ಯುವಜನರಲ್ಲಿ ಹಳ್ಳಿಯ ಶಾಲೆಗಳಿಂದ ಬಂದವರು ಎಷ್ಟು ಮಂದಿ ಎಂಬುದು ಈ ಊರಿಗೆ ತಿಳಿದದ್ದೇ. ವಾಹನದ ಕಂತಿನ ಲೆಕ್ಕ ಮೊದಲು ಬೇಕಾಗುವುದು ಅವರಿಗೇ.

ವೃತ್ತಿಶಿಕ್ಷಣವನ್ನು ಹೈಸ್ಕೂಲಿಗೇ ತರುವ ಪ್ರಯತ್ನ ನಡೆದಿಲ್ಲವೆಂದಲ್ಲ. ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನ (ಎನ್‌ಎಸ್‌ಕ್ಯುಎಫ್) ಯೋಜನೆಯಡಿ ಆಯ್ದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಂಬತ್ತನೇ ತರಗತಿಯಿಂದ ಮಾಹಿತಿ ತಂತ್ರಜ್ಞಾನ, ರಿಟೇಲ್, ಆಟೊಮೊಬೈಲ್, ಹೆಲ್ತ್‌ಕೇರ್, ಬ್ಯೂಟಿ ಆಂಡ್ ವೆಲ್‌ನೆಸ್ ಮುಂತಾದ ವಿಷಯಗಳನ್ನು ಕಲಿಸಲಾಗುತ್ತಿದ್ದು, ಎಸ್ಸೆಸ್ಸೆಲ್ಸಿಯಲ್ಲಿ ಇವುಗಳ ಪರೀಕ್ಷೆ ತೃತೀಯ ಭಾಷೆಯ ದಿನವೇ ನಡೆಯುತ್ತದೆ. ಯೋಚನೆ ಒಳ್ಳೆಯದು. ಆದರೆ ಒಂದು ವಿಷಯವನ್ನು ಪರೀಕ್ಷಾ ವೇಳಾಪಟ್ಟಿಗೆ ಸೇರಿಸಿದ ಕೂಡಲೇ ಅದಕ್ಕೂ ನೋಟ್ಸ್ ಹುಟ್ಟಿಕೊಳ್ಳುತ್ತದೆ. ಕಾರ್ಬ್ಯುರೇಟರ್ ಬಿಚ್ಚದೆಯೇ ಅದರ ಭಾಗಗಳನ್ನು ಕಂಠಪಾಠ ಮಾಡಬಹುದು, ಮತ್ತು ಪೂರ್ಣ ಅಂಕವನ್ನೂ ಪಡೆಯಬಹುದು.

ಇದಕ್ಕೆ ಹೋಲಿಸಿದರೆ ಎಸ್ಸೆಸ್ಸೆಲ್ಸಿಯ ನಂತರ ಡಿಪ್ಲೊಮಾ, ಐಟಿಐ ಹಿಡಿದವರ ಸಿದ್ಧತೆ ಹಲವು ವೇಳೆ ಮೇಲು. ರಾಜಾಜಿನಗರದಲ್ಲಿ ಡೆನ್ಮಾರ್ಕಿನ ಸಹಕಾರದಿಂದ 1972ರಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ (ಜಿಟಿಟಿಸಿ) ಟೂಲ್ ಆಂಡ್ ಡೈ ಡಿಪ್ಲೊಮಾದಲ್ಲಿ ಮೂರು ವರ್ಷದ ಓದಿನ ಮೇಲೆ ಒಂದು ವರ್ಷ ಕಾರ್ಖಾನೆಯಲ್ಲೇ ತರಬೇತಿ. ಅಲ್ಲಿ ಹುಡುಗ ಮಾಡಿದ ಭಾಗವನ್ನು ಅಳತೆಯ ಉಪಕರಣ ಒಪ್ಪಬೇಕು. ಮೈಕ್ರೊಮೀಟರಿಗೆ ಕೃಪಾಂಕ ಕೊಡುವುದು ಗೊತ್ತಿಲ್ಲ. ಅಳತೆ ತಪ್ಪಿದರೆ ಮತ್ತೆ ಮಾಡಬೇಕು, ಮತ್ತೆ ಮಾಡುವಾಗ ಎಲ್ಲಿ ತಪ್ಪಿತೆಂದು ಅವನೇ ಕಂಡುಕೊಳ್ಳಬೇಕು. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ಮೇಲ್ದರ್ಜೆಗೆ ಏರಿಸಿದ್ದರಿಂದ ಹಳೆಯ ಲೇತ್‌ಗಳ ಪಕ್ಕದಲ್ಲಿ ಹೊಸ ಯಂತ್ರಗಳು ಬಂದಿವೆ. ದಾರಿಯೂ ಮುಚ್ಚಿಲ್ಲ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ, ಡಿಪ್ಲೊಮಾ ಮುಗಿಸಿದವರು ತಮಗಾಗಿಯೇ ಇರುವ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಬಿ.ಇ. ಎರಡನೇ ವರ್ಷಕ್ಕೆ ಸೇರಬಹುದು. ಇಷ್ಟಿದ್ದೂ ನಮ್ಮ ಮನೆಗಳಲ್ಲಿ ಡಿಪ್ಲೊಮಾ ಎಂದರೆ ಅಂಕ ಕಡಿಮೆ ಬಂದವರಿಗೆ ಎಂಬ ಭಾವನೆ ಗಟ್ಟಿಯಾಗಿದೆ, ಮತ್ತು ಪ್ರೌಢಶಾಲೆಗಳ ಮಾರ್ಗದರ್ಶನ ಆ ಭಾವನೆಯನ್ನು ಬೆಳೆಸುತ್ತದೆಯೇ ಹೊರತು ತಿದ್ದುವುದಿಲ್ಲ.

ಹಿಂದಿರುಗದ ಮಾಹಿತಿ

ಅಮೆರಿಕದಲ್ಲಿ ಕಾಲೇಜು ಪ್ರವೇಶಕ್ಕೆ ಬಳಸುವ ಎಸಿಟಿ ಪರೀಕ್ಷೆಯವರು ಕಾಲೇಜಿನ ಸಿದ್ಧತೆಯನ್ನು ವ್ಯಾಖ್ಯಾನಿಸಿದ ರೀತಿ ಇಲ್ಲಿ ಉಪಯುಕ್ತ. ಇಂತಿಷ್ಟು ಅಂಕ ಪಡೆದವರಿಗೆ ಕಾಲೇಜಿನ ಮೊದಲ ವರ್ಷದ ಅದೇ ವಿಷಯದಲ್ಲಿ ಬಿ ಶ್ರೇಣಿ ಸಿಗುವ ಸಾಧ್ಯತೆ ಶೇ 50, ಸಿ ಶ್ರೇಣಿ ಸಿಗುವ ಸಾಧ್ಯತೆ ಶೇ 75 ಎಂದಾದರೆ ಆ ಅಂಕವೇ ಸಿದ್ಧತೆಯ ಗೆರೆ. ಆ ಪರೀಕ್ಷೆಯ ಮೇಲೂ ಅಲ್ಲಿ ಟೀಕೆಗಳಿವೆ. ಆದರೆ ಅದರ ಗೆರೆಯನ್ನು ಎಳೆದದ್ದು ಮುಂದಿನ ವರ್ಷ ಏನಾಯಿತು ಎಂದು ನೋಡಿ. ನಮ್ಮ 35 ಅಥವಾ 33ರ ಗೆರೆಯ ಹಿಂದೆ ಅಂಥ ಯಾವ ಲೆಕ್ಕವೂ ಇಲ್ಲ.

ಇರಲು ಸಾಧ್ಯವಾಗದಿರುವುದಕ್ಕೆ ಆಡಳಿತದ ಕಾರಣವಿದೆ. ಪ್ರೌಢಶಾಲೆಗೆ ಉತ್ತರದಾಯಿ ಶಾಲಾ ಶಿಕ್ಷಣದ ಜಿಲ್ಲಾ ಉಪನಿರ್ದೇಶಕರು (ಡಿಡಿಪಿಐ), ಪಿಯುಗೆ ಬೇರೆ ಉಪನಿರ್ದೇಶಕರು, ಪದವಿಗೆ ಕಾಲೇಜು ಶಿಕ್ಷಣ ಇಲಾಖೆ ಮತ್ತು ವಿಶ್ವವಿದ್ಯಾಲಯಗಳು, ಐಟಿಐಗೆ ಕೈಗಾರಿಕಾ ತರಬೇತಿ ಇಲಾಖೆ. ಪ್ರತಿಯೊಬ್ಬರೂ ತಮ್ಮ ಹಂತದ ಕೊನೆಯ ಪರೀಕ್ಷೆಯ ಶೇಕಡಾವಾರು ಫಲಿತಾಂಶಕ್ಕೆ ಹೊಣೆ. ಎರಡು ಹಂತಗಳ ನಡುವಿನ ಕೀಲಿಗೆ ಯಾರೂ ಹೊಣೆಯಲ್ಲ. ತನ್ನಿಂದ ಪಾಸಾಗಿ ಹೋದ ಅರವತ್ತು ಮಕ್ಕಳಲ್ಲಿ ಎಷ್ಟು ಮಂದಿ ಪ್ರಥಮ ಪಿಯುಸಿ ದಾಟಿದರು, ಯಾವ ವಿಷಯದಲ್ಲಿ ಎಡವಿದರು ಎಂಬ ವರದಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರ ಮೇಜಿಗೆ ಬರುವುದಿಲ್ಲ. ಬಂದಿದ್ದರೆ ಮುಂದಿನ ಜನವರಿಯ ಪ್ಯಾಕೇಜಿನಲ್ಲಿ ಅವರು ಒಂದು ಅಪರಿಚಿತ ಪಾಠವನ್ನು ಓದಿಸುವುದಕ್ಕೂ ಜಾಗ ಮಾಡುತ್ತಿದ್ದರೋ ಏನೋ.

ಈ ವರದಿಗೆ ಹೊಸ ಯೋಜನೆ, ಹೊಸ ಅನುದಾನ ಬೇಕಿಲ್ಲ. ರಾಜ್ಯದ ಪ್ರತಿ ಶಾಲಾ ವಿದ್ಯಾರ್ಥಿಗೂ ಅವನ ಓದಿನ ದಾಖಲೆಯನ್ನು ಗುರುತಿಸುವ ಎಸ್‌ಎಟಿಎಸ್ ಸಂಖ್ಯೆ ಇದೆ, ಪಿಯು ದಾಖಲಾತಿಯಲ್ಲೂ ಅದೇ ಬಳಕೆಯಾಗುತ್ತದೆ. ಪ್ರಥಮ ಪಿಯುಸಿಯ ಅರ್ಧವಾರ್ಷಿಕ ಅಂಕಗಳನ್ನು ಆ ಸಂಖ್ಯೆಯ ಮೇಲೆ ಹಿಂದಿನ ಪ್ರೌಢಶಾಲೆಗೆ ವಿಷಯವಾರು ಕಳುಹಿಸುವುದು ತಂತ್ರಜ್ಞಾನದ ದೃಷ್ಟಿಯಿಂದ ಸಣ್ಣ ಕೆಲಸ. ಆ ಮಾಹಿತಿಯನ್ನು ಶಾಲೆಗಳಿಗೆ ನೋಟಿಸ್ ಕೊಡಲು ಬಳಸದೆ, ಶಿಕ್ಷಕರು ತಮ್ಮ ಪಾಠ ತಿದ್ದಿಕೊಳ್ಳಲು ಮಾತ್ರ ಬಳಸುವುದು ದೊಡ್ಡ ಕೆಲಸ. ಏಕೆಂದರೆ ಅಂಕಿಅಂಶ ಕೈಗೆ ಸಿಕ್ಕಿದ ಕೂಡಲೇ ಶ್ರೇಯಾಂಕದ ಪಟ್ಟಿ ಮಾಡುವುದು ನಮ್ಮ ಇಲಾಖೆಗಳ ಹಳೆಯ ಚಾಳಿ.

ಆರಂಭಿಸುವುದಾದರೆ ಪರೀಕ್ಷೆ-1ರಲ್ಲಿ ಆಗದೆ ಅದರ ನಂತರದ ಯತ್ನದಲ್ಲಿ ಪಾಸಾದ ಮಕ್ಕಳಿಂದ ಆರಂಭಿಸಬಹುದು. ಅವರಿಗಾಗಿ ಪಿಯು ದಾಖಲಾತಿಯ ದಿನಾಂಕವನ್ನು ಮುಂದೂಡಲಾಗುತ್ತದೆ, ಅದು ಸರಿಯೇ. ಆದರೆ ಅವರು ಕಾಲೇಜಿಗೆ ಕಾಲಿಡುವ ಹೊತ್ತಿಗೆ ಸಹಪಾಠಿಗಳು ಹಲವು ವಾರಗಳ ಪಾಠ ಮುಗಿಸಿರುತ್ತಾರೆ, ಬ್ರಿಡ್ಜ್ ಕೋರ್ಸ್ ಇದ್ದಿದ್ದರೆ ಅದೂ ಮುಗಿದಿರುತ್ತದೆ, ಮತ್ತು ಉಪನ್ಯಾಸಕರಿಗೆ ಹಾಜರಿ ಪುಸ್ತಕದ ಕೊನೆಯಲ್ಲಿ ಸೇರಿದ ಹೊಸ ಹೆಸರುಗಳಷ್ಟೇ ಕಾಣುತ್ತವೆ. ಈ ಮಕ್ಕಳು ಯಾವ ವಿಷಯವನ್ನು ಎಷ್ಟನೇ ಯತ್ನದಲ್ಲಿ ದಾಟಿದರು ಎಂಬುದು ಮಂಡಳಿಯ ದಾಖಲೆಯಲ್ಲಿರುತ್ತದೆ. ಪ್ರಾಂಶುಪಾಲರು ಆ ಪಟ್ಟಿ ತೆಗೆಸಿ, ಮೊದಲ ಎರಡು ತಿಂಗಳು ಇವರಿಗೆ ದಿನಕ್ಕೊಂದು ಅವಧಿಯನ್ನು ಹತ್ತನೇ ತರಗತಿಯ ಗಣಿತಕ್ಕೂ ಪಠ್ಯಪುಸ್ತಕ ಓದಿಸುವುದಕ್ಕೂ ಬಿಟ್ಟುಕೊಟ್ಟರೆ, ಪ್ರಥಮ ಪಿಯುಸಿಯ ಅರ್ಧವಾರ್ಷಿಕ ಪರೀಕ್ಷೆಯ ಹೊತ್ತಿಗೆ ಅದರ ಫಲ ಏನೆಂದು ಅಂಕಗಳಲ್ಲೇ ನೋಡಬಹುದು.